ಈಚಲ ಮರದ ಯೋಗ

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಹೆಂಡವೆಂದೇ ಅನ್ನುತ್ತಾರೆ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಕಡಮೆ. ಸಹವಾಸದ ವಿಷಯದಲ್ಲಿ ಹುಡುಗರಿಗೆ ಬುದ್ಧಿ ಹೇಳಹೊರಟ ಹಿರಿಯರೆಲ್ಲ ಒಂದಲ್ಲ ಒಂದು ದಿನ ಈ ಗಾದೆಯನ್ನು ಹೊರಕ್ಕೆ ತೆಗೆಯುತ್ತಾರೆ. ನನ್ನ ತಂದೆ ನನಗೆ ಹೇಳಿದ್ದರು. ನಾನು ನನ್ನ ಮಕ್ಕಳಿಗೆ ಹೇಳಿದ್ದೇನೆ. ಆದರೆ ಮಜ್ಜಿಗೆ ಕುಡಿದ ಆ ಪುಣ್ಯಾತ್ಮನಿಗಾದ ಅನ್ಯಾಯವನ್ನು ಕಂಡು ಮರುಗುವ ನಾವು, ಮರಕ್ಕೆ ಆದ ಅನ್ಯಾಯವನ್ನು ಕುರಿತು ಎಂದಾದರೂ ಯೋಚಿಸಿದ್ದೇವೆಯೆ? ಬಿಸಿಲಿನಲ್ಲಿ ದಣಿದು ಬಂದವನಿಗೆ ಅದು ತನಗಿದ್ದಷ್ಟು ನೆರಳನ್ನು ಕೊಟ್ಟಿತು. ಈಚಲ ನೆರಳು ಅಂಥ ದೊಡ್ಡ ನೆರಳೇನೂ ಅಲ್ಲ, ತಲೆಯ ಮೇಲೆ ಜರಡಿ ಹಿಡಿದ ಹಾಗೆ, ಆದರೂ ಕೊಟ್ಟಿತಷ್ಟೆ. ಅದಕ್ಕೆ ಬಂದ ಪ್ರತಿಫಲ ಈ ಗಾದೆ.

ಮನುಷ್ಯರಲ್ಲಿ ಇರುವ ಮೇಲು ಕೀಳು ನಮ್ಮಲ್ಲಿ ಮರಗಳಿಗೂ ಇದೆ. ಅರಳಿಗೆ ಕಟ್ಟೆ ಕಟ್ಟುತ್ತೇವೆ, ಬೇವಿನೊಡನೆ ಮದುವೆ ಮಾಡುತ್ತೇವೆ. ಬಿಲ್ವ ಶಿವನಿಗೆ, ತುಳಸಿ ವಿಷ್ಣುವಿಗೆ. ಮಾವಿನ ಎಲೆ ಬಾಗಿಲಿಗೆ, ಬಾಳೆಯ ಕಂಬ ಮಂಟಪಕ್ಕೆ. ತೆಂಗಿನ ಮಾತಂತೂ ಹೇಳುವುದೇ ಬೇಡ. ಹುಟ್ಟಿದಾಗಿನಿಂದ ಸಾಯುವವರೆಗೆ ಅದಿಲ್ಲದೆ ಒಂದು ಶಾಸ್ತ್ರ ನಡೆಯುವುದಿಲ್ಲ. ಆ ತೆಂಗಿನ ಸ್ವಂತ ದಾಯಾದಿ ಈಚಲು. ಒಂದೇ ವಂಶ, ಒಂದೇ ನಿಲುವು, ತಲೆಯ ಮೇಲೆ ಅದೇ ಗರಿಗಳ ಕಿರೀಟ. ಆದರೂ ಮಂಗಳಕಾರ್ಯದಲ್ಲಿ ಅದರ ಹೆಸರೆತ್ತಿದರೆ ಹಿರಿಯರು ಮುಖ ಸಿಂಡರಿಸುತ್ತಾರೆ.

ನನ್ನ ಊರು ಆವನಿ. ಮುಳಬಾಗಿಲು ತಾಲ್ಲೂಕಿನ ಈ ಊರನ್ನು ನೋಡದವರಿಗೆ ಎರಡು ಮಾತು ಹೇಳುತ್ತೇನೆ. ಬಂಡೆಗಳನ್ನು ಯಾರೋ ಕೈಯಾರೆ ಒಂದರ ಮೇಲೊಂದು ಪೇರಿಸಿದಂತಿರುವ ಬೆಟ್ಟ. ಅದರ ಮೇಲೆ ಸೀತಮ್ಮನ ಗುಡಿ. ತಪ್ಪಲಿನಲ್ಲಿ ನೊಳಂಬರ ಕಾಲದ ದೇವಾಲಯಗಳ ಗುಂಪು. ರಾಮ, ಲಕ್ಷ್ಮಣ, ಭರತ, ಶತ್ರುಘ್ನ, ನಾಲ್ವರೂ ಇಲ್ಲಿ ಒಂದೊಂದು ಲಿಂಗವನ್ನು ಸ್ಥಾಪಿಸಿದರಂತೆ. ಒಂದೊಂದಕ್ಕೂ ಒಂದೊಂದು ಗುಡಿ. ವಾಲ್ಮೀಕಿಯ ಆಶ್ರಮವಿದ್ದದ್ದು ಈ ಬೆಟ್ಟದಲ್ಲೇ, ಲವಕುಶರು ಹುಟ್ಟಿದ್ದು ಇಲ್ಲೇ ಎಂದು ನಮ್ಮೂರಿನವರು ನಂಬುತ್ತಾರೆ. ನಂಬದವರೊಡನೆ ಜಗಳಕ್ಕೂ ನಿಲ್ಲುತ್ತಾರೆ. ಹತ್ತನೆಯ ಶತಮಾನದಲ್ಲಿ ತ್ರಿಭುವನಕರ್ತನೆಂಬ ಯತಿಯೊಬ್ಬ 40 ವರ್ಷ ಕಾಲ ಈ ಕ್ಷೇತ್ರವನ್ನು ನಡೆಸಿ, 50 ಗುಡಿಗಳನ್ನೂ 2 ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದು ಶಾಸನವೇ ಹೇಳುತ್ತದೆ. 50 ಗುಡಿಗಳಿಗಿಂತ ಆ 2 ಕೆರೆಗಳ ಪುಣ್ಯವೇ ಹೆಚ್ಚೆಂದು ನನ್ನ ಎಣಿಕೆ. ಏಕೆಂದರೆ ನಮ್ಮ ಕೋಲಾರದ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆಯಿಲ್ಲ. ಬದುಕೆಲ್ಲ ಕೆರೆಯ ಮೇಲೆ; ಕೆರೆಯ ಬದುಕು ಮೋಡದ ಮೇಲೆ.

ಕೆರೆಯಿದ್ದಲ್ಲಿ ಈಚಲು ಇರುತ್ತದೆ. ಯಾರೂ ನೆಟ್ಟದ್ದಲ್ಲ, ನೀರೆರೆದದ್ದಲ್ಲ. ಹಕ್ಕಿ ತಿಂದು ಉಗುಳಿದ ಬೀಜ, ನರಿ ನುಂಗಿ ಎಲ್ಲೋ ಬಿಟ್ಟುಹೋದ ಬೀಜ ಕೆರೆಯ ಕೆಳಗಣ ಹಳ್ಳದಲ್ಲಿ, ಬದುವಿನಲ್ಲಿ, ಕಾಲುವೆಯ ಅಂಚಿನಲ್ಲಿ ಮೊಳೆತು ತನ್ನಷ್ಟಕ್ಕೆ ಮರವಾಗುತ್ತದೆ. ಎಳೆಯದಾಗಿದ್ದಾಗ ಮುಳ್ಳಿನ ಪೊದೆ. ದನಕರುಗಳು ಮೂಸಿ ನೋಡಿ ಹಿಂದಕ್ಕೆ ಸರಿಯುತ್ತವೆ. ಬೇರು ಬದುವಿನ ಮಣ್ಣನ್ನು ಹಿಡಿದು ನಿಲ್ಲುತ್ತದೆ. ಮಳೆಗಾಲದಲ್ಲಿ ಪಕ್ಕದ ಹೊಲದವನ ಬದು ಕೊಚ್ಚಿಹೋಗಿ ನಮ್ಮದು ನಿಂತಿದ್ದರೆ ಅದು ನಮ್ಮ ತಾತನ ಕೈಗುಣವೆಂದು ಎಲ್ಲರೂ ಅನ್ನುತ್ತಿದ್ದರು. ತಾತ ಮಾತ್ರ ಈಚಲ ಸಾಲಿನ ಕಡೆ ಕೈ ತೋರಿಸಿ ಸುಮ್ಮನಾಗುತ್ತಿದ್ದರು.

ಮರಕ್ಕೆ ಮರ್ಯಾದೆಯಿಲ್ಲದಿದ್ದರೂ ಅದರ ಮಕ್ಕಳುಮರಿಗಳಿಗೆಲ್ಲ ನಮ್ಮ ಮನೆಯೊಳಗೆ ಧಾರಾಳವಾಗಿ ಪ್ರವೇಶವಿತ್ತು. ಅಜ್ಜಿ ಮಲಗುತ್ತಿದ್ದುದು ಈಚಲು ಚಾಪೆಯ ಮೇಲೆ. ಬಾಣಂತಿಯ ಕೋಣೆಗೆ ಹೊಸ ಈಚಲು ಚಾಪೆ. ಅಂಗಳ ಗುಡಿಸುವುದಕ್ಕೆ ಈಚಲು ಪೊರಕೆ. ಕಣದಿಂದ ರಾಗಿ ಹೊತ್ತು ತರುವುದಕ್ಕೂ ಗೊಬ್ಬರ ಹೊರುವುದಕ್ಕೂ ಮಂಕರಿ. ಚಪ್ಪರಕ್ಕೆ ತೆಂಗಿನ ಗರಿ ಸಾಲದೆ ಬಂದರೆ ಹಿಂದುಗಡೆ, ನೆಂಟರ ಕಣ್ಣಿಗೆ ಬೀಳದ ಕಡೆ, ಈಚಲ ಗರಿ. ಶಿವರಾತ್ರಿಗೆ ಆವನಿಯಲ್ಲಿ ದೊಡ್ಡ ದನಗಳ ಜಾತ್ರೆ ಸೇರುತ್ತಿತ್ತು. ಎತ್ತು ಕೊಳ್ಳುವವರು ಎತ್ತು ಕೊಂಡರೆ, ನಮ್ಮ ಅಜ್ಜಿ ತಪ್ಪದೆ ಕೊಳ್ಳುತ್ತಿದ್ದುದು ಎರಡು ಈಚಲು ಚಾಪೆ, ನಾಲ್ಕು ಪೊರಕೆ. ಕೊರಚರ ಹೆಂಗಸರು ಮರದಡಿಯಲ್ಲಿ ಕುಳಿತು, ನಮ್ಮೊಡನೆ ಮಾತಾಡುತ್ತಲೇ, ಕೈಯ ಕಡೆ ನೋಡದೆಯೇ ಹೆಣೆಯುತ್ತಿದ್ದರು. ಅಜ್ಜಿ ಒಂದು ಗಳಿಗೆ ಚೌಕಾಸಿ ಮಾಡಿ, ಅವರು ಕೇಳಿದ್ದಕ್ಕಿಂತ ಕಡಮೆಗೆ ಮುಗಿಸಿ, ಕಡೆಗೆ ಮಡಿಲಿನಿಂದ ಒಂದು ಹಿಡಿ ಹುರಿಗಡಲೆ ಕೊಟ್ಟು ಲೆಕ್ಕ ಸರಿದೂಗಿಸುತ್ತಿದ್ದಳು.

ಹುಡುಗರಾದ ನಮಗೆ ಬೇಕಾದದ್ದು ಹಣ್ಣು. ಬೇಸಗೆಯ ಕೊನೆಗೆ ಗೊನೆ ಹೊಂಬಣ್ಣಕ್ಕೆ ತಿರುಗುತ್ತದೆ. ಹಣ್ಣೆಂದರೆ ಹಣ್ಣೆನ್ನಬೇಕು ಅಷ್ಟೆ; ಮುಕ್ಕಾಲು ಪಾಲು ಬೀಜ, ಮಿಕ್ಕದ್ದು ತೆಳ್ಳನೆಯ ತಿರುಳು, ಅದರಲ್ಲೂ ಅರ್ಧ ಒಗರು. ಅಂಗಡಿಯಲ್ಲಿ ಸಿಕ್ಕುವ ಅರಬ್ಬೀ ಖರ್ಜೂರದ ಬಡ ತಂಗಿ ಇದು. ಆದರೂ ಗೊನೆಯನ್ನು ಕದ್ದು ಕಡಿದು, ಉಪ್ಪುನೀರು ಚಿಮುಕಿಸಿ, ಹುಲ್ಲಿನ ಮೆದೆಯೊಳಗೆ ಮುಚ್ಚಿಟ್ಟು, ಮೂರು ದಿನ ಕಾಯಲಾರದೆ ಎರಡನೆಯ ದಿನವೇ ತೆಗೆದು ತಿಂದು, ನಾಲಗೆ ದಪ್ಪವಾಗಿ ಮಾತು ತೊದಲುತ್ತ ಮನೆಗೆ ಹೋಗುತ್ತಿದ್ದೆವು. ಈಚಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡು ಮರದ ಕೆಳಗೆ ಎಷ್ಟು ಹೊತ್ತು ಬಾಯಿ ತೆರೆದು ನಿಂತರೂ ಪ್ರಯೋಜನವಿಲ್ಲವೆಂಬ ಸಸ್ಯಶಾಸ್ತ್ರವನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ.

ಇನ್ನು ಹೆಂಡದ ಮಾತು. ತೆಂಗಿನಲ್ಲಿ, ತಾಳೆಯಲ್ಲಿ ಹೂವಿನ ಹೊಂಬಾಳೆಯನ್ನು ಕೊಯ್ದು ರಸ ಇಳಿಸುತ್ತಾರೆ. ಈಚಲಿಗೆ ಆ ಭಾಗ್ಯವಿಲ್ಲ. ಅದರ ಕುತ್ತಿಗೆಗೇ ಕತ್ತಿ. ತಲೆಯ ಕೆಳಗಿನ ಗರಿಗಳನ್ನು ಒಂದು ಪಕ್ಕಕ್ಕೆ ಸವರಿ, ಎಳೆಯ ಕಾಂಡವನ್ನು ಕೆತ್ತಿ, ಅಲ್ಲಿಗೆ ಮಡಕೆ ಕಟ್ಟುತ್ತಾರೆ. ರಾತ್ರಿಯೆಲ್ಲ ತೊಟ್ಟು ತೊಟ್ಟಾಗಿ ರಸ ಇಳಿಯುತ್ತದೆ. ಒಂದು ವರ್ಷ ಈ ಪಕ್ಕದಲ್ಲಿ ಕೆತ್ತಿದರೆ ಮರುವರ್ಷ ಆ ಪಕ್ಕದಲ್ಲಿ. ಮರ ಬೆಳೆಯುತ್ತ ಹೋದಂತೆ ಗಾಯಗಳೂ ಮೇಲಕ್ಕೆ ಹೋಗುತ್ತವೆ. ಕಾಂಡ ಅತ್ತಿತ್ತ ಒಲೆದು ಹಾವಿನ ಹರಿದಾಟದಂತೆ ಸೊಟ್ಟಸೊಟ್ಟಗಾಗುತ್ತದೆ. ಗಾಯಗಳನ್ನು ಎಣಿಸಿ, ಆ ಮರ ಎಷ್ಟು ವರ್ಷ ದುಡಿದಿದೆಯೆಂದು ಹೇಳಬಹುದು. ನಮ್ಮ ಬದುವಿನ ಕೊನೆಯ ಮರದಲ್ಲಿ ಹದಿನೇಳು ಗಾಯಗಳಿದ್ದುವು. ನನ್ನ ತಂದೆ ಊರಿನ ಶಾಲೆಯಲ್ಲಿ ಮೇಷ್ಟರು. ಎಣಿಕೆ ಕಲಿಸುವುದಕ್ಕೆ ನನ್ನನ್ನು ಆ ಮರದ ಬಳಿಗೆ ಕರೆದುಕೊಂಡು ಹೋಗಿದ್ದರು.

ಬೆಳಗಿನ ಜಾವ ಇಳಿಸಿದ ರಸ ಕುಡಿದರೆ ಬರಿಯ ಸಿಹಿ. ಹೊತ್ತೇರಿದ ಹಾಗೆ ಹುಳಿಯುತ್ತ, ನೊರೆಯುತ್ತ, ಮಧ್ಯಾಹ್ನದ ವೇಳೆಗೆ ಗಾದೆಯಲ್ಲಿ ಹೇಳಿದ ವಸ್ತುವಾಗುತ್ತದೆ. ಇದೇ ಮರ, ಇದೇ ರಸ ಬಂಗಾಳದಲ್ಲಿಯೂ ಉಂಟು. ಅಲ್ಲಿಯ ಜನ ಚಳಿಗಾಲದಲ್ಲಿ ಅದನ್ನು ಹುಳಿಯಗೊಡದೆ ಒಲೆಯ ಮೇಲಿಟ್ಟು ಕುದಿಸಿ ಬೆಲ್ಲ ಮಾಡುತ್ತಾರೆ. ಆ ಬೆಲ್ಲದ ಸಂದೇಶವನ್ನು ದೇವರಿಗೂ ಅಳಿಯನಿಗೂ ಬಡಿಸುತ್ತಾರೆ. ಅಲ್ಲಿ ಹುಟ್ಟಿದ್ದರೆ ನಮ್ಮ ಈಚಲಿಗೆ ಬೇರೆಯೇ ಗಾದೆ ಸಿಕ್ಕುತ್ತಿತ್ತು. ಮರದ ಜಾತಕವೂ ಹುಟ್ಟಿದ ಊರಿನ ಮೇಲೆ ಹೋಗುತ್ತದೆಂದು ಕಾಣುತ್ತದೆ.

ಸರ್ಕಾರಕ್ಕೂ ಈಚಲಿಗೂ ಇದ್ದ ನಂಟು ಸೋಜಿಗದ್ದು. ಅಬಕಾರಿಯ ಹಣ ಸಂಸ್ಥಾನದ ಬೊಕ್ಕಸಕ್ಕೆ ಬೇಕು. ಕುಡಿತ ಕೆಟ್ಟದ್ದೆಂಬ ಉಪದೇಶವೂ ಬೇಕು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಸತ್ಯಾಗ್ರಹಿಗಳು ಕಾನೂನು ಮುರಿದು ಈಚಲ ಮರಗಳನ್ನು ಕಡಿದರು. ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಟ್ಟವರ ಪಟ್ಟಿಯಲ್ಲಿ ಆ ಮರಗಳ ಹೆಸರಿಲ್ಲ. ಮುಂದೆ ಪಾನನಿರೋಧ ಬಂತು. 1967ರಲ್ಲಿ ಮೈಸೂರು ರಾಜ್ಯ ಅದನ್ನು ಕೈಬಿಟ್ಟಾಗ ಮುಖ್ಯಮಂತ್ರಿಗಳಾಗಿದ್ದವರು ನಿಜಲಿಂಗಪ್ಪನವರೇ. ಅವರು ಸ್ವತಃ ಎಷ್ಟು ಕಟ್ಟುನಿಟ್ಟಿನವರೆಂದು ನಾಡಿಗೆಲ್ಲ ಗೊತ್ತು. ರಾಜ್ಯದ ಲೆಕ್ಕ ಬೇರೆ, ಮನಸ್ಸಿನ ಲೆಕ್ಕ ಬೇರೆ. ಆಮೇಲೆ ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಕಡೆ ಹೆಂಡ ಇಳಿಸುವುದು ನಿಂತಿತು. 2007ರ ಜುಲೈಯಲ್ಲಿ ಸಾರಾಯಿಯೂ ಹೋಯಿತು. ಕುಡಿತ ಹೋಯಿತೆ ಎಂದು ಕೇಳಬೇಡಿ. ಅದು ಸೀಸೆಯೊಳಗೆ ಸೇರಿ, ಬಣ್ಣದ ಚೀಟಿ ಅಂಟಿಸಿಕೊಂಡು ಅಂಗಡಿಯಲ್ಲಿ ಕುಳಿತಿದೆ. ಮರ ಹತ್ತುತ್ತಿದ್ದ ಈಡಿಗರ ಮನೆಯ ಹುಡುಗ ಈಗ ಮುಳಬಾಗಿಲಿನಲ್ಲಿ ಆಟೋ ಓಡಿಸುತ್ತಾನೆ. ಚಾಪೆಯ ಜಾಗಕ್ಕೆ ಪ್ಲಾಸ್ಟಿಕ್ ಚಾಪೆ, ಮಂಕರಿಯ ಜಾಗಕ್ಕೆ ಪ್ಲಾಸ್ಟಿಕ್ ಬುಟ್ಟಿ ಬಂದುವು. ಈಚಲ ಮರ ಮೊದಲ ಸಲ ಯಾರಿಗೂ ಬೇಡವಾಗಿ, ಬದುವಿನ ಮೇಲೆ ಸುಮ್ಮನೆ ನಿಂತಿತು.

ಇಷ್ಟನ್ನು ಪೀಠಿಕೆಯಾಗಿ ಹೇಳಿ, ಈಗ ಬೆಂಗಳೂರಿಗೆ ಬರುತ್ತೇನೆ.

ಸರ್ಕಾರದ ಒಂದು ಕಚೇರಿಯಲ್ಲಿ ಲೆಕ್ಕ ಬರೆದು ನಿವೃತ್ತನಾದ ನಾನು ಊರ ಹೊರಗಿನ ಒಂದು ಬಡಾವಣೆಯಲ್ಲಿ ಮನೆ ಮಾಡಿದ್ದೇನೆ. ಬಡಾವಣೆಗೆ ನಿವಾಸಿಗಳ ಸಂಘ ಉಂಟು. ಸಂಘಕ್ಕೆ ಸಮಿತಿ ಉಂಟು. ಲೆಕ್ಕ ಬಲ್ಲವನೆಂಬ ಒಂದೇ ಅಪರಾಧಕ್ಕಾಗಿ ನಾನು ಆ ಸಮಿತಿಯಲ್ಲಿದ್ದೇನೆ. ಎರಡು ವರ್ಷಗಳ ಕೆಳಗೆ ಸಮಿತಿಗೆ ಹೆಬ್ಬಾಗಿಲನ್ನು ಚೆಂದಗೊಳಿಸುವ ಉತ್ಸಾಹ ಬಂತು. ಬಾಗಿಲಿನಿಂದ ಒಳಕ್ಕೆ ಬರುವ ದಾರಿಯ ಇಕ್ಕೆಲದಲ್ಲಿಯೂ ಮರ ಇರಬೇಕು. ಆದರೆ ಎಲೆ ಉದುರಬಾರದು, ಹೂವು ಉದುರಬಾರದು, ಹಕ್ಕಿ ಕೂರಬಾರದು, ಬೇರು ಕಲ್ಲುಹಾಸನ್ನು ಎತ್ತಬಾರದು, ನಾಳೆ ನೆಟ್ಟರೆ ನಾಡಿದ್ದು ದೊಡ್ಡದಾಗಿರಬೇಕು. ಇಷ್ಟು ಗುಣಗಳಿರುವ ಮರವನ್ನು ಸೃಷ್ಟಿಕರ್ತ ಮಾಡಿರಲಾರನೆಂದು ನಾನು ಅಂದುಕೊಂಡೆ. ತೋಟದ ಗುತ್ತಿಗೆದಾರನು ಮಾಡಿದ್ದಾನೆಂದು ಬಣ್ಣದ ಪುಸ್ತಕವನ್ನು ಬಿಚ್ಚಿ ತೋರಿಸಿದ.

ಮೊದಲು ತೋರಿಸಿದ್ದು ರಾಯಲ್ ಪಾಮ್. ನಮ್ಮಲ್ಲಿ ಹಲವರು ಬಾಟಲ್ ಪಾಮ್ ಎನ್ನುವುದು ಇದನ್ನೇ. ನಿಜವಾದ ಬಾಟಲ್ ಪಾಮ್ ಬೇರೆ, ಕುಳ್ಳನೆಯ ಡೊಳ್ಳುಹೊಟ್ಟೆಯ ಗಿಡ, ಮಾರಿಷಸ್ ಕಡೆಯದು. ರಾಯಲ್ ಪಾಮನ್ನು ಲಾಲ್‌ಬಾಗಿನಲ್ಲಿ ನೀವೆಲ್ಲ ನೋಡಿದ್ದೀರಿ. ಸುಣ್ಣ ಬಳಿದ ಕಂಬದಂತೆ ನುಣ್ಣನೆಯ ಬಿಳಿ ಕಾಂಡ, ಮೇಲೆ ಹಸಿರು ಕುತ್ತಿಗೆ, ಅದರ ಮೇಲೆ ಗರಿಯ ತುರಾಯಿ. ಒಂದೇ ಎತ್ತರಕ್ಕೆ ಸಾಲಾಗಿ ನಿಲ್ಲಿಸಿದರೆ ಅರಮನೆಯ ಪಹರೆಯವರ ಹಾಗೆ ಕಾಣುತ್ತದೆ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಸಾಹೇಬರೂ, ಅವರಿಗೆ ಮೊದಲು ಲಾಲ್‌ಬಾಗನ್ನು ನೋಡಿಕೊಂಡಿದ್ದ ಕ್ಯಾಮೆರನ್ ಸಾಹೇಬರೂ ಹೊರದೇಶಗಳ ಗಿಡಮರಗಳನ್ನು ತರಿಸಿ, ನೆಟ್ಟು, ನಮ್ಮ ಕಣ್ಣಿಗೆ ಹೊಸ ರುಚಿ ಹತ್ತಿಸಿದರು. ಅವರ ಉಪಕಾರವನ್ನು ನಾನು ಮರೆಯುವವನಲ್ಲ. ಆದರೆ ಸಾಹೇಬರ ಕಣ್ಣು ನಮ್ಮ ಮೂಗಿನ ಮೇಲೆ ಕನ್ನಡಕದಂತೆ ಹಾಗೆಯೇ ಉಳಿದುಬಿಟ್ಟಿದೆಯೋ ಏನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಈ ರಾಜವೃಕ್ಷದ ತವರುಮನೆ ಕ್ಯೂಬಾ, ಅದರ ಸುತ್ತಿನ ದ್ವೀಪಗಳು, ಅಮೆರಿಕದ ಫ್ಲಾರಿಡಾದ ದಕ್ಷಿಣ ತುದಿ. ಪೋರ್ಟೊರಿಕೊದಲ್ಲಿ ಕೆಲಸ ಮಾಡಿದ ರಾಯ್ ಸ್ಟೋನ್ ಎಂಬ ಸೇನಾ ಎಂಜಿನಿಯರನ ಹೆಸರನ್ನು 1900ರಲ್ಲಿ ಅದರ ಕುಲಕ್ಕೆ ಇಟ್ಟರು. ಕ್ಯೂಬಾದ ರಾಷ್ಟ್ರವೃಕ್ಷ ಅದು. ದೇಶದ ಲಾಂಛನದಲ್ಲಿಯೇ ಅದರ ಚಿತ್ರವಿದೆ. ಆದರೆ ಅಲ್ಲಿಯ ರೈತನ ಹಿತ್ತಲಲ್ಲಿ ಈ ಮಹಾರಾಜ ಮಾಡುವ ಕೆಲಸವೇನು ಗೊತ್ತೆ? ಕಾಯಿ ಹಂದಿಗೆ ಮೇವು. ಗರಿ ಗುಡಿಸಲಿನ ಹೊದಿಕೆ. ಕಾಂಡ ಸೀಳಿ ಗೋಡೆಗೆ ಹಲಗೆ. ಗರಿಯ ಬುಡದ ಅಗಲವಾದ ಪಟ್ಟೆ, ಅಡಿಕೆಯ ಹಾಳೆಯಂಥದು, ಹೊಗೆಸೊಪ್ಪಿನ ಮೂಟೆ ಕಟ್ಟುವುದಕ್ಕೆ. ಎಂದರೆ ಅಲ್ಲಿ ಅದು ಅಪ್ಪಟ ಒಕ್ಕಲುಮಗ. ಹಡಗು ಹತ್ತಿ ಇಲ್ಲಿಗೆ ಬಂದದ್ದೇ ತಡ, ಕೈಕಟ್ಟಿ ನಿಂತು ಸಂಬಳ ತೆಗೆದುಕೊಳ್ಳುವ ಉದ್ಯೋಗಕ್ಕೆ ಸೇರಿತು.

ಸಮಿತಿಗೆ ರಾಯಲ್ ಪಾಮ್ ಹಿಡಿಸಲಿಲ್ಲ. ನಮ್ಮ ಪಕ್ಕದ ಬಡಾವಣೆಯಲ್ಲಿ ಆಗಲೇ ಅದನ್ನು ನೆಟ್ಟಿದ್ದರು. ಅದಕ್ಕಿಂತ ದೊಡ್ಡ ದೋಷ ಬೇಕೆ? ಆಗ ಗುತ್ತಿಗೆದಾರ ದನಿ ತಗ್ಗಿಸಿ, ಒಡವೆಯಂಗಡಿಯವನು ಒಳಗಿನ ಪೆಟ್ಟಿಗೆ ತೆಗೆಯುವಂತೆ, ಪುಸ್ತಕದ ಕೊನೆಯ ಹಾಳೆಯನ್ನು ತಿರುವಿದ. "ಇದು ಸಿಲ್ವೆಸ್ಟರ್ ಪಾಮ್ ಸಾರ್. ಈಗ ದೊಡ್ಡ ದೊಡ್ಡ ಹೋಟೆಲು, ರೆಸಾರ್ಟುಗಳಿಗೆಲ್ಲ ಇದೇ ಹೋಗ್ತಿರೋದು. ಅಮೆರಿಕಾದಲ್ಲಿ ಭಾರಿ ಬೇಡಿಕೆ." ಚಿತ್ರದಲ್ಲಿ ಹಸಿರುಹುಲ್ಲಿನ ಹಾಸು, ಅದರ ನಡುವೆ ಬೂದಿ ಬೆರೆತ ಹಸಿರಿನ ದುಂಡು ತಲೆ, ಕಾಂಡದ ಮೇಲೆ ಅನಾನಸಿನ ಸಿಪ್ಪೆಯಂತೆ ವಜ್ರಾಕಾರದ ಅಚ್ಚುಗಳು, ಕೆಳಗಿನಿಂದ ವಿದ್ಯುದ್ದೀಪದ ಬೆಳಕು. ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ.

"ಇದು ಈಚಲ ಮರ ಅಲ್ಲವೇನಯ್ಯ?" ಎಂದೆ.

ಅವನ ಮುಖ ಸಪ್ಪಗಾಯಿತು. "ನೀವು ಹಾಗೂ ಅನ್ನಬಹುದು ಸಾರ್," ಎಂದು ಪುಸ್ತಕ ಮುಚ್ಚಿದ. ಅವನು ಹೇಳಿದ ಬೆಲೆ ನಾನು ಕೆಲಸಕ್ಕೆ ಸೇರಿದ ವರ್ಷದ ಒಟ್ಟು ಸಂಬಳಕ್ಕಿಂತ ಹೆಚ್ಚಾಗಿತ್ತು. ಒಂದು ಮರಕ್ಕೆ!

ಅಮೆರಿಕದ ಮಾತು ಸುಳ್ಳಲ್ಲ. ಫ್ಲಾರಿಡಾದಲ್ಲಿರುವ ನನ್ನ ಮಗಳು ಅದೇ ವಾರ ಫೋನಿನಲ್ಲಿ ಚಿತ್ರ ಕಳಿಸಿದಳು. ಅವಳ ಮನೆಯ ಹತ್ತಿರದ ಬ್ಯಾಂಕಿನ ಮುಂದೆ, ಅಂಗಡಿಗಳ ಬೀದಿಯಲ್ಲಿ, ಹೆದ್ದಾರಿಯ ನಡುವಣ ಪಟ್ಟಿಯಲ್ಲಿ, ಎಲ್ಲಿ ನೋಡಿದರೂ ನಮ್ಮ ಈಚಲು! "ಅಪ್ಪಾ, ಇಲ್ಲಿ ಇದನ್ನ ಸಿಲ್ವೆಸ್ಟರ್ ಅಂತಾರೆ. ನಾನು ನಮ್ಮೂರಲ್ಲಿ ಇದರಿಂದ ಪೊರಕೆ ಮಾಡ್ತಾರೆ ಅಂದರೆ ಯಾರೂ ನಂಬಲ್ಲ," ಎಂದಳು. ಸಿಲ್ವೆಸ್ಟರ್ ಎಂದರೆ ಯಾವನೋ ದೊರೆಯ ಹೆಸರಿರಬೇಕೆಂದು ಅಲ್ಲಿಯವರು ಭಾವಿಸಿರಬಹುದು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಫೀನಿಕ್ಸ್ ಸಿಲ್ವೆಸ್ಟ್ರಿಸ್; ಸಿಲ್ವೆಸ್ಟ್ರಿಸ್ ಎಂದರೆ ಲ್ಯಾಟಿನ್ನಿನಲ್ಲಿ ಕಾಡಿನದು ಎಂದರ್ಥ. ಕಾಡುಮರವೆಂಬ ಹೆಸರೇ ಹಡಗಿಳಿಯುವ ಹೊತ್ತಿಗೆ ಬಿರುದಾಗಿಬಿಟ್ಟಿತು. ಫ್ಲಾರಿಡಾದ ಮರ ಬೆಂಗಳೂರಿನ ಬಾಗಿಲಲ್ಲಿ, ಆವನಿಯ ಮರ ಫ್ಲಾರಿಡಾದ ಬಾಗಿಲಲ್ಲಿ. ಒಬ್ಬರ ಹಿತ್ತಿಲು ಇನ್ನೊಬ್ಬರಿಗೆ ಮುಂಬಾಗಿಲು. 2006ರಿಂದೀಚೆಗೆ ಅಲ್ಲಿ ಈ ಜಾತಿಯ ಮರಗಳಿಗೆ ಒಂದು ರೋಗ ಬಿದ್ದಿದೆ. ಸಣ್ಣ ಜಿಗಿಹುಳು ಹರಡುವ ರೋಗ, ತಗಲಿದರೆ ಗರಿಗಳೆಲ್ಲ ಕಂಚಿನ ಬಣ್ಣಕ್ಕೆ ತಿರುಗಿ ಮರ ಸಾಯುತ್ತದೆ. ಪರದೇಶದ ವೈಭೋಗಕ್ಕೆ ಪರದೇಶದ ಕಾಯಿಲೆ.

ಈಚಲನ್ನು ತೋಟಗಾರರು ಮೆಚ್ಚುವುದಕ್ಕೆ ಕಾರಣವಿದೆ, ಅದನ್ನೂ ಹೇಳಬೇಕು. ಬೇಸಗೆಯನ್ನೂ ತಡೆಯುತ್ತದೆ, ಒಂದಿಷ್ಟು ಚಳಿಯನ್ನೂ ತಡೆಯುತ್ತದೆ. ನೀರು ಹೆಚ್ಚು ಕೇಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಾವು ಹುಣಿಸೆಗಳ ಹಾಗಲ್ಲದೆ, ಬೆಳೆದು ನಿಂತ ಮರವನ್ನೇ ಬೇರಿನ ಮಣ್ಣುಂಡೆಯ ಸಮೇತ ಕಿತ್ತು ಬೇರೆಡೆ ನೆಟ್ಟರೂ ಬದುಕಿಕೊಳ್ಳುತ್ತದೆ. ಬದುಕುವ ಶಕ್ತಿಯೇ ಅದಕ್ಕೆ ಮುಳುವಾಯಿತು. ಸಸಿ ತಂದು ನೆಡೋಣ, ಹತ್ತು ಹದಿನೈದು ವರ್ಷದಲ್ಲಿ ಆಳೆತ್ತರ ಮೀರುತ್ತದೆ ಎಂದು ನಾನು ಸಮಿತಿಯಲ್ಲಿ ಹೇಳಿದೆ. "ಅಷ್ಟು ಹೊತ್ತಿಗೆ ನಾವು ಇರಬೇಕಲ್ಲ ಸ್ವಾಮಿ!" ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ಎಂಟು ಮರಗಳನ್ನು ತರಿಸುವುದೆಂದು ನಿರ್ಣಯವಾಯಿತು. ಎಂಟೂ ಗಂಡು ಮರಗಳೇ ಆಗಬೇಕು, ಹೆಣ್ಣು ಮರದ ಹಣ್ಣು ಬಿದ್ದು ಕಾರುಗಳ ಮೇಲೆ ಕಲೆಯಾಗುತ್ತದೆ, ಎಂದು ಷರಾ ಬೇರೆ.

ಅದಾದ ಒಂದು ತಿಂಗಳಿಗೆ ಆವನಿಯಲ್ಲಿ ಚಿಕ್ಕಪ್ಪನ ತಿಥಿ. ಊಟವಾದ ಮೇಲೆ ಚಿಕ್ಕಪ್ಪನ ಮಗ ನನ್ನನ್ನು ಕೆರೆಯ ಕೆಳಗಿನ ಹೊಲಕ್ಕೆ ಕರೆದುಕೊಂಡು ಹೋದ. ಹೊಲ ಈಗ ಅವನ ಪಾಲಿನದು. ಬದುವಿನ ಮೇಲೆ ಒಂಬತ್ತು ಮರಗಳಿದ್ದುದು ನನಗೆ ಚೆನ್ನಾಗಿ ಗೊತ್ತು. ಐದಿದ್ದುವು. ನಾಲ್ಕು ಕಡೆ ಹೊಂಡ. ಹೊಂಡದಲ್ಲಿ ಹರಿದ ಗೋಣಿತಾಟಿನ ಚೂರುಗಳು, ಬದುವಿನ ಉದ್ದಕ್ಕೂ ಜೆ.ಸಿ.ಬಿ.ಯ ಗಾಲಿಯ ಗುರುತು.

"ಕೊಟ್ಬಿಟ್ಟೆ ಕಣಣ್ಣ," ಎಂದ ಅವನು, ನಾನು ಕೇಳುವುದಕ್ಕೆ ಮೊದಲೇ. "ಲಾರಿ ತಗಂಡು ಅವರೇ ಬಂದ್ರು. ಅಗೆಯೋದು, ಎತ್ತೋದು ಎಲ್ಲಾ ಅವರ್ದೇ."

"ಎಷ್ಟು ಕೊಟ್ಟರು?"

ಅವನು ಹೇಳಿದ ಮೊತ್ತಕ್ಕೂ ನಮ್ಮ ಸಮಿತಿಗೆ ಗುತ್ತಿಗೆದಾರ ಹೇಳಿದ ಮೊತ್ತಕ್ಕೂ ನಡುವೆ ಇದ್ದ ಅಂತರದಲ್ಲಿ ಒಂದು ಸಂಸಾರ ಒಂದು ವರ್ಷ ಉಣ್ಣಬಹುದಿತ್ತು. ನಾನು ಅದನ್ನು ಅವನಿಗೆ ಹೇಳಿದೆ. ಲೆಕ್ಕದವನಿಗೆ ಲೆಕ್ಕ ಮುಚ್ಚಿಡುವುದಕ್ಕೆ ಬರುವುದಿಲ್ಲ.

ಅವನೇನೂ ಸಿಟ್ಟಾಗಲಿಲ್ಲ. "ಇರ್ಲಿ ಬಿಡಣ್ಣ. ಹೆಂಡ ಇಳಿಸೋ ಹಂಗಿಲ್ಲ. ಚಾಪೆ ಹೆಣೆಯೋರು ಊರಿಗೆ ಬರೋದೇ ಬಿಟ್ರು. ಹಣ್ಣು ತಿನ್ನೋ ಹುಡುಗರು ಎಲ್ಲವ್ರೆ? ಇಷ್ಟು ವರ್ಷದಾಗೆ ಆ ಮರಕ್ಕೆ ಒಂದು ಬೆಲೆ ಐತೆ ಅಂತ ಬಂದು ಹೇಳ್ದೋನು ಅವನೊಬ್ನೇ. ಮಗಳ ನರ್ಸಿಂಗ್ ಕಾಲೇಜಿನ ಫೀಸಿಗೆ ಆಯ್ತು. ನಾನೇನು ಅದನ್ನ ನೋಡ್ಕಂಡು ಕೂರ್ಲಾ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಬದುವಿನ ಮಣ್ಣಿನ ಮಾತೆತ್ತಬಹುದಿತ್ತು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿಮಾಡಿ ಕೊಳವೆಯಲ್ಲಿ ಕೋಲಾರದ ಕೆರೆಗಳಿಗೆ ತುಂಬುತ್ತಿದ್ದಾರೆ. ಬೆಂಗಳೂರು ಬಳಸಿ ಬಿಟ್ಟ ನೀರು ನಮ್ಮ ಸೀಮೆಗೆ, ನಮ್ಮ ಸೀಮೆಯ ಬದುವಿನ ಮರ ಬೆಂಗಳೂರಿಗೆ, ಇದು ಎಂಥ ಕೊಡುಕೊಳೆ ಎಂದು ಕೇಳಬಹುದಿತ್ತು. ಆದರೆ ಫೀಸು ಕಟ್ಟಬೇಕಾದವನು ಅವನು; ಬಸ್ಸು ಹತ್ತಿ ಹೊರಡುವವನು ನಾನು.

ಉಳಿದ ಐದು ಮರಗಳನ್ನು ಏಕೆ ಬಿಟ್ಟರೆಂದು ಕೇಳಿದೆ. ಅವನು ನಕ್ಕ. "ಸೊಟ್ಟ ಇರೋವು ಅವರಿಗೆ ಬೇಡ್ವಂತೆ. ಕೆತ್ತಿದ ಗಾಯ ಐತಲ್ಲ, ಅದು ನೋಟಕ್ಕೆ ಚೆನ್ನಾಗಿರಲ್ವಂತೆ. ಒಂದು ದಿನಾನೂ ಕತ್ತಿ ತಾಕ್ದೇ ಇರೋ, ನೆಟ್ಟಗಿರೋ ನಾಕು ಮಾತ್ರ ಆರಿಸ್ಕಂಡ್ರು."

ಬದುವಿನ ಕೊನೆಯವರೆಗೆ ನಡೆದೆ. ಎಣಿಕೆ ಕಲಿತ ಮರ ಅಲ್ಲಿಯೇ ಇತ್ತು. ಹದಿನೇಳು ಗಾಯಗಳು ನನಗೆ ಗೊತ್ತಿದ್ದುವು. ಮೇಲೆ, ನಾನು ಊರು ಬಿಟ್ಟ ಮೇಲಿನವು, ಇನ್ನೂ ಆರು. ಗರಿಗಳ ತುದಿಗೆ ಗೀಜಗನ ಗೂಡುಗಳು ಜೋತಾಡುತ್ತಿದ್ದುವು. ಕಿತ್ತುಹೋದ ನಾಲ್ಕರಲ್ಲಿದ್ದವರೂ ಇಲ್ಲಿಗೇ ಒಕ್ಕಲು ಬಂದಿದ್ದರೋ ಏನೋ, ಅಷ್ಟು ಗದ್ದಲ. ಇಷ್ಟು ದಿನ ದುಡಿದದ್ದರಿಂದ ಆ ಮರದ ತಲೆ ಉಳಿಯಿತು. ಊರಿನಲ್ಲಿ ಇದು ಎಷ್ಟು ಜನಕ್ಕೆ ಅನ್ವಯಿಸುತ್ತದೆಂದು ಲೆಕ್ಕ ಹಾಕುತ್ತ ಹೋದರೆ ಪ್ರಬಂಧ ಬೇರೆ ದಾರಿ ಹಿಡಿಯುತ್ತದೆ.

ನಮ್ಮ ಬಡಾವಣೆಗೆ ಎಂಟು ಸಿಲ್ವೆಸ್ಟರುಗಳು ಒಂದು ರಾತ್ರಿ ಲಾರಿಯಲ್ಲಿ ಮಲಗಿಕೊಂಡು ಬಂದುವು. ಗರಿಗಳನ್ನು ಒಟ್ಟುಗೂಡಿಸಿ ಜುಟ್ಟಿನ ಹಾಗೆ ಕಟ್ಟಿದ್ದರು. ಕ್ರೇನು ಒಂದೊಂದನ್ನೇ ಎತ್ತಿ ಗುಂಡಿಯೊಳಗೆ ನಿಲ್ಲಿಸಿತು. ನಾಲ್ಕು ಕಡೆಗೂ ಮರದ ಊರುಗೋಲು ಕೊಟ್ಟರು. ಹಳೆಯ ಗರಿಗಳ ಬುಡವನ್ನು ಅಳತೆ ಹಿಡಿದು ಕತ್ತರಿಸಿ ವಜ್ರದ ಅಚ್ಚು ಮೂಡಿಸಿದರು. ಬುಡದಲ್ಲಿ ದೀಪ ಹೂತರು. ಇವುಗಳಲ್ಲಿ ನಮ್ಮ ಬದುವಿನವು ಇವೆಯೆ ಎಂದು ಗುತ್ತಿಗೆದಾರನನ್ನು ಕೇಳಿದೆ. ಕೋಲಾರ, ಚಿಂತಾಮಣಿ, ಆಂಧ್ರದ ಗಡಿ, ಎಲ್ಲೆಲ್ಲಿಂದಲೋ ಬರುತ್ತವೆ ಸಾರ್, ಎಂದ. ಊರಿನಲ್ಲಿ ನೆರೆಹೊರೆಯಾಗಿದ್ದ ಮರಗಳಿಗೆ ಗುರುತು ಹಚ್ಚುವ ಉಪಾಯವನ್ನು ಯಾರೂ ನನಗೆ ಕಲಿಸಿರಲಿಲ್ಲ. ಗಾಯವಿದ್ದಿದ್ದರೆ ಗುರುತಿಸುತ್ತಿದ್ದೆ.

ಮೂರು ತಿಂಗಳಲ್ಲಿ ಎರಡು ಸತ್ತುವು. ಆರು ಚಿಗುರಿದುವು. ಸಂಜೆ ದೀಪ ಹತ್ತಿದಾಗ, ನಿಜ ಹೇಳಬೇಕೆಂದರೆ, ಬಹಳ ಚೆನ್ನಾಗಿ ಕಾಣುತ್ತವೆ. ಬೂದಿ ಹಸಿರಿನ ಆ ಗರಿಗಳ ಮೇಲೆ ಬೆಳಕು ಬಿದ್ದು, ಗಾಳಿಗೆ ಸರಸರ ಸದ್ದಾಗುತ್ತಿದ್ದರೆ, ಈ ಮರ ಇಷ್ಟು ಚೆಲುವಾದದ್ದೆಂದು ನನಗೆ ಆವನಿಯಲ್ಲಿ ಅರುವತ್ತು ವರ್ಷ ತಿಳಿದಿರಲಿಲ್ಲವಲ್ಲ ಎನ್ನಿಸುತ್ತದೆ. ಅದಕ್ಕೆ ಅಲ್ಲಿ ದೀಪ ಹಾಕಿದವರಿರಲಿಲ್ಲ. ಬಡಾವಣೆಗೆ ಬರುವ ಅತಿಥಿಗಳು ಬಾಗಿಲಲ್ಲಿ ನಿಂತು, ಇದು ಯಾವ ದೇಶದ್ದು ಎಂದು ವಿಚಾರಿಸುತ್ತಾರೆ. ಅಧ್ಯಕ್ಷರು ಸಿಲ್ವೆಸ್ಟರ್ ಎನ್ನುತ್ತಾರೆ. ನಾನು ಪಕ್ಕದಲ್ಲಿದ್ದರೆ ಈಚಲು ಎನ್ನುತ್ತೇನೆ. ಅತಿಥಿಗಳು ನನ್ನ ಮಾತನ್ನು ತಮಾಷೆಯೆಂದು ತಿಳಿದು ನಗುತ್ತಾರೆ.

ಹೋದ ತಿಂಗಳು ಗುತ್ತಿಗೆದಾರನ ಆಳುಗಳು ಬಂದು ಒಣಗಿದ ಗರಿಗಳನ್ನು ಸವರಿ, ರಸ್ತೆಯ ಅಂಚಿನಲ್ಲಿ ಗುಡ್ಡೆ ಹಾಕಿ ಹೋದರು. ಬೆಳಿಗ್ಗೆ ತಿರುಗಾಡಲು ಹೊರಟಾಗ, ನಮ್ಮ ರಸ್ತೆ ಗುಡಿಸುವ ಮುದುಕಿ ತನ್ನ ಕೈಯ ಪ್ಲಾಸ್ಟಿಕ್ ಪೊರಕೆಯನ್ನು ಗೋಡೆಗೆ ಆನಿಸಿಟ್ಟು ಆ ಗುಡ್ಡೆಯ ಮುಂದೆ ಕುಳಿತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ಸಾಮಿ, ಈಚಲ ಗರಿ ಇವು. ಕಸದ ಗಾಡಿಗೆ ಹಾಕ್ತಾರಂತೆ. ನಾನು ತಗಂಡ್ರೆ ಯಾರಾನ ಏನಾನ ಅಂತಾರಾ?"

ಯಾವ ಊರಮ್ಮ ಎಂದು ಕೇಳಿದೆ. ಶ್ರೀನಿವಾಸಪುರದ ಕಡೆ ಎಂದಳು. ತೆಗೆದುಕೊಂಡು ಹೋಗು ಎಂದೆ. ಅವಳು ಮತ್ತೆ ಕುಳಿತು, ಗರಿಯೊಂದನ್ನು ಎತ್ತಿ, ಮುಳ್ಳಿನ ಕಡೆಯನ್ನು ಜಾಗ್ರತೆಯಾಗಿ ಮುರಿದು ಹಾಕಿ, ಎಲೆಗಳನ್ನು ಉಗುರಿನಿಂದ ಸೀಳತೊಡಗಿದಳು. ನನ್ನ ಕಡೆ ನೋಡಿ ಮಾತಾಡುತ್ತಲೇ ಇದ್ದಳು; ಅವಳ ಊರಿನ ಕೆರೆಗೆ ನೀರು ಬಂದಿದೆಯಂತೆ, ಮಗ ಬೋರ್‌ವೆಲ್ ಲಾರಿಯಲ್ಲಿ ಇದ್ದಾನಂತೆ. ಕೈ ತನ್ನ ಪಾಡಿಗೆ ತಾನು ಸೀಳುತ್ತಿತ್ತು.

ಸಂಜೆ ಹಿಂದಕ್ಕೆ ಬರುವಾಗ ಗುಡ್ಡೆ ಪೂರ್ತಿ ಖಾಲಿಯಾಗಿತ್ತು. ನಮ್ಮ ಮನೆಯ ಗೇಟಿಗೆ ಒಂದು ಹೊಸ ಪೊರಕೆ ಒರಗಿಸಿತ್ತು.